ರಾತ್ರಿ ಬಿಕಾಂ ಸಿಗುತ್ತದೆ, ಸೋಲ್ಡರಿಂಗ್ ಯಾಕೆ ಸಿಗುವುದಿಲ್ಲ?

ಮುಂಬಯಿಯಲ್ಲಿ ಹಗಲು ದುಡಿದು ರಾತ್ರಿ ಓದಿ ಏನೇನಾಗಬಹುದು, ಹೇಳಿ ನೋಡೋಣ. ಎಸ್ಸೆಸ್ಸಿ ಪಾಸು ಮಾಡಬಹುದು. ಹನ್ನೆರಡನೆಯ ಕ್ಲಾಸು ಮುಗಿಸಬಹುದು. ಬಿಎ ಆಗಬಹುದು, ಬಿಕಾಂ ಆಗಬಹುದು, ಹಟ ಇದ್ದರೆ ಎಂಕಾಂ ಕೂಡ ಆಗಬಹುದು. ಆದರೆ ಅದೇ ಹುಡುಗ "ನನಗೆ ಎಲೆಕ್ಟ್ರಾನಿಕ್ಸ್ ಟೆಕ್ನೀಷಿಯನ್ ಆಗಬೇಕು ಅಣ್ಣಾ, ಕೆಲಸ ಬಿಡಲಿಕ್ಕೆ ಆಗುವುದಿಲ್ಲ, ಸಂಜೆ ಎಲ್ಲಿ ಕಲಿಸುತ್ತಾರೆ?" ಅಂತ ಕೇಳಿದರೆ ನಮ್ಮ ಹತ್ತಿರ ಉತ್ತರ ಇಲ್ಲ. ಮೂವತ್ತು ದಿನದಲ್ಲಿ ಮೊಬೈಲ್ ರಿಪೇರಿ ಕಲಿಸುತ್ತೇವೆ ಅನ್ನುವ ಬೋರ್ಡೊಂದನ್ನು ಸ್ಟೇಷನ್ ಹೊರಗೆ ತೋರಿಸಬಹುದು, ಅಷ್ಟೇ.

ನಾನು ಬಿಕಾಂ, ಬ್ಯಾಂಕಿನವನು. ಬಿಕಾಂ ಮೇಲೆ ನನಗೆ ಸಿಟ್ಟಿಲ್ಲ, ಅದರ ಅನ್ನವನ್ನೇ ಮೂವತ್ತು ವರ್ಷದಿಂದ ಉಣ್ಣುತ್ತಿದ್ದೇನೆ. ಆದರೂ ಒಂದು ಮಾತು ಹೇಳಲೇಬೇಕಾಗಿದೆ. ನಮ್ಮ ರಾತ್ರಿ ತರಗತಿಗಳಲ್ಲಿ ಏನು ಕಲಿಸಬೇಕು ಅನ್ನುವುದನ್ನು ಹುಡುಗರ ಅಗತ್ಯ ನಿರ್ಧರಿಸಲಿಲ್ಲ. ಸೀಮೆಸುಣ್ಣದ ರೇಟು ನಿರ್ಧರಿಸಿತು!

ಲೆಕ್ಕ ಬಹಳ ಸರಳ. ಬಿಕಾಂ ಕಲಿಸಲು ಒಂದು ಕರಿಹಲಗೆ, ನಾಲ್ಕು ಬೆಂಚು, ಒಬ್ಬ ಮೇಷ್ಟ್ರು ಸಾಕು. ಹಗಲು ಶಾಲೆಯ ಕೋಣೆಯನ್ನೇ ಸಂಜೆ ತೆರೆದರೆ ಕಾಲೇಜು ರೆಡಿ. ಎಲೆಕ್ಟ್ರಾನಿಕ್ಸ್ ಹಾಗಲ್ಲ. ಮೇಜು ಬೇಕು, ಮೀಟರು ಬೇಕು, ಆಸಿಲೋಸ್ಕೋಪು ಬೇಕು, ಸುಟ್ಟು ಹಾಳುಮಾಡಲು ಬಿಡಿಭಾಗಗಳು ಬೇಕು, ಹುಡುಗ ಶಾಕ್ ಹೊಡೆಸಿಕೊಳ್ಳದ ಹಾಗೆ ಕಾಯುವವರು ಬೇಕು. ಹಾಗಾಗಿ ಅಗ್ಗದ್ದು ಬೆಳೆಯಿತು, ಬೇಕಾದ್ದು ಬೆಳೆಯಲಿಲ್ಲ. ಮೂರು ತಲೆಮಾರು ಹುಡುಗರು ಜರ್ನಲ್ ಎಂಟ್ರಿ ಬರೆದರು. ಅವರಲ್ಲಿ ಕೈಗೆ ಸ್ಕ್ರೂಡ್ರೈವರ್ ಕೊಟ್ಟರೆ ಕಣ್ಣು ಮಿನುಗುವವರು ಎಷ್ಟು ಮಂದಿ ಇದ್ದರೋ, ಯಾರೂ ಕೇಳಲಿಲ್ಲ.

ಇದರರ್ಥ ಹಿಂದಿನವರನ್ನು ಹಗುರ ಮಾಡುವುದಲ್ಲ. ಈ ಪ್ರಾಂತ್ಯದಲ್ಲಿ ರಾತ್ರಿ ಓದಿಗೆ ದೊಡ್ಡ ಇತಿಹಾಸವಿದೆ. ಜ್ಯೋತಿಬಾ ಮತ್ತು ಸಾವಿತ್ರಿಬಾಯಿ ಫುಲೆ 1855ರಲ್ಲೇ ಪುಣೆಯಲ್ಲಿ ಕೂಲಿಕಾರರಿಗೆ, ರೈತರಿಗೆ ರಾತ್ರಿ ಶಾಲೆ ತೆರೆದರು. ನಾರಾಯಣ ಮಲ್ಹಾರ ಜೋಶಿಯವರು 1911ರಲ್ಲಿ ಕಟ್ಟಿದ ಸೋಶಿಯಲ್ ಸರ್ವಿಸ್ ಲೀಗ್ ಮುಂಬಯಿಯ ಗಿರಣಿ ಕಾರ್ಮಿಕರಿಗೆ ರಾತ್ರಿ ಶಾಲೆಗಳನ್ನು ನಡೆಸಿತು. ಬಾಬಾಸಾಹೇಬ ಅಂಬೇಡ್ಕರರ ಪೀಪಲ್ಸ್ ಎಜುಕೇಶನ್ ಸೊಸೈಟಿ 1946ರಲ್ಲಿ ಸಿದ್ಧಾರ್ಥ ಕಾಲೇಜು ಶುರು ಮಾಡಿದಾಗ, ನೌಕರಿಗೆ ಹೋಗುವವರಿಗೆ ಅನುಕೂಲವಾಗಲಿ ಅಂತ ಬೆಳಗಿನ ಹೊತ್ತು ತರಗತಿ ಇಟ್ಟಿತು. ನಮ್ಮವರೂ ಹಿಂದೆ ಬೀಳಲಿಲ್ಲ. 1902ರಲ್ಲಿ ಹುಟ್ಟಿದ ಮೊಗವೀರ ವ್ಯವಸ್ಥಾಪಕ ಮಂಡಳಿ ಕೋಟೆ ಭಾಗದಲ್ಲಿ ನಡೆಸಿದ ರಾತ್ರಿ ಶಾಲೆಯ ಹೆಸರು ಕೇಳದ ಹಳೇ ಮುಂಬಯಿ ಕನ್ನಡಿಗ ಇಲ್ಲ. ಹೋಟೆಲಿನಲ್ಲಿ ಹಗಲಿಡೀ ಗ್ಲಾಸು ತೊಳೆದ ಮಾಣಿ, ಸಂಜೆ ಮುಖ ತೊಳೆದು, ಕಿಸೆಯಲ್ಲಿ ಪೆನ್ನು ಸಿಕ್ಕಿಸಿಕೊಂಡು ಅಲ್ಲಿಗೆ ಓಡುತ್ತಿದ್ದ. ಹೋಟೆಲಿನ ಗಲ್ಲೆಯ ಮೇಲಿದ್ದ ಧಣಿಯೂ "ಹೋಗು, ಹೊತ್ತಾಯಿತು" ಅಂತ ಬಿಡುತ್ತಿದ್ದ. ಇವತ್ತು ನಾವು ಅಲ್ಪಸ್ವಲ್ಪ ತಲೆಯೆತ್ತಿ ನಿಂತಿದ್ದರೆ ಅದಕ್ಕೆ ಆ ಶಾಲೆಗಳೇ ಕಾರಣ.

ಆಗ ಆ ದಾರಿಗೆ ಒಂದು ತುದಿ ಇತ್ತು ಸ್ವಾಮಿ. ರಾತ್ರಿ ಓದಿ ಬಿಕಾಂ ಆದವನಿಗೆ ಬ್ಯಾಂಕು ಇತ್ತು. ಸಿಂಡಿಕೇಟ್, ಕಾರ್ಪೊರೇಶನ್, ವಿಜಯ ಅಂತ ನಮ್ಮ ಕರಾವಳಿಯಲ್ಲೇ ಹುಟ್ಟಿದ ಬ್ಯಾಂಕುಗಳು ಈ ಊರಿನಲ್ಲಿ ಶಾಖೆ ಮೇಲೆ ಶಾಖೆ ತೆರೆಯುತ್ತಿದ್ದ ಕಾಲ ಅದು. ಲೆಡ್ಜರು ಬರೆಯಲು ಕೈ ಬೇಕಿತ್ತು. ಈಗ ಏನಾಗಿದೆ? ವಿಜಯಾ ಬ್ಯಾಂಕು 2019ರ ಏಪ್ರಿಲ್ 1ಕ್ಕೆ ಬ್ಯಾಂಕ್ ಆಫ್ ಬರೋಡದಲ್ಲಿ ಕರಗಿತು. ಮರುವರ್ಷ ಅದೇ ದಿನ ಸಿಂಡಿಕೇಟ್ ಕೆನರಾದಲ್ಲಿ, ಕಾರ್ಪೊರೇಶನ್ ಯೂನಿಯನ್ ಬ್ಯಾಂಕಿನಲ್ಲಿ ಸೇರಿಹೋಯಿತು. ಲೆಡ್ಜರು ಬರೆಯುವ ಕೆಲಸ ಅದಕ್ಕೂ ಮುಂಚೆಯೇ ಕಂಪ್ಯೂಟರ್ ಪಾಲಾಗಿತ್ತು. ಅಂದರೆ ಏಣಿಯ ಮೇಲಿನ ಮೆಟ್ಟಿಲು ಮುರಿದಿದೆ. ಕೆಳಗೆ ನಿಂತು ನಾವು ಇನ್ನೂ "ಹತ್ತು ಮಗಾ, ಹತ್ತು" ಅನ್ನುತ್ತಿದ್ದೇವೆ.

ಇನ್ನೊಂದು ಕಡೆ ನೋಡಿ. ನಮ್ಮ ಸೊಸೈಟಿಯ ಲಿಫ್ಟಿನಲ್ಲಿ ಎಲೆಕ್ಟ್ರಾನಿಕ್ ಕಂಟ್ರೋಲರ್ ಇದೆ. ಗೇಟಿನಲ್ಲಿ ಸಿಸಿಟಿವಿ, ತಾರಸಿಯಲ್ಲಿ ಸೋಲಾರ್ ಇನ್ವರ್ಟರ್, ಪಾರ್ಕಿಂಗಿನಲ್ಲಿ ಗಾಡಿ ಚಾರ್ಜ್ ಮಾಡುವ ಪಾಯಿಂಟು. ಮನೆಯೊಳಗೆ ವಾಷಿಂಗ್ ಮೆಷಿನ್, ಇನ್ವರ್ಟರ್ ಎಸಿ, ಎಲ್‌ಇಡಿ ಟಿವಿ. ಡಾಕ್ಟರ ಕ್ಲಿನಿಕ್ಕಿನಲ್ಲಿ ಇಸಿಜಿ ಮೆಷಿನ್. ನಮ್ಮ ಬ್ಯಾಂಕಿನಲ್ಲಿ ಎಟಿಎಂ, ನೋಟು ಎಣಿಸುವ ಯಂತ್ರ, ಯುಪಿಎಸ್. ಯುಪಿಎಸ್ ಕೈಕೊಟ್ಟ ದಿನ ನಾವು ಎಂಟು ಜನ ಪದವೀಧರರು ಕೈಕಟ್ಟಿ ಕೂತು ಒಬ್ಬ ಟೆಕ್ನೀಷಿಯನ್ ದಾರಿ ಕಾಯುತ್ತೇವೆ. ಅವನು ಬರುವವರೆಗೆ ನಮ್ಮ ಡಿಗ್ರಿಗಳಿಗೆ ಕರೆಂಟೇ ಇರುವುದಿಲ್ಲ.

"ಈಗ ಯಾರು ರಿಪೇರಿ ಮಾಡಿಸ್ತಾರೆ ಮಾರಾಯ್ರೆ, ಬಿಸಾಡಿ ಹೊಸದು ತರ್ತಾರೆ" ಅನ್ನುವವರಿದ್ದಾರೆ. ಬಿಸಾಡುವುದು ಯಾಕೆ? ರಿಪೇರಿ ಮಾಡಲು ಗೊತ್ತಿರುವವರು ಇಲ್ಲದ್ದಕ್ಕೆ. ನಮ್ಮ ಮನೆಯ ವಾಷಿಂಗ್ ಮೆಷಿನ್ ನಿಂತಾಗ ಕಂಪನಿಯ ಸರ್ವಿಸಿನವರು (ಹೆಸರು ಬೇಡ) ಮುಚ್ಚಳ ತೆಗೆದು ಎರಡು ನಿಮಿಷ ನೋಡಿ "ಪೂರ್ತಿ ಬೋರ್ಡು ಬದಲಿಸಬೇಕು" ಅಂದರು. ಮೆಷಿನ್ ಬೆಲೆಯ ಮೂರನೇ ಒಂದು ಭಾಗ ಹೇಳಿದರು. ಗಲ್ಲಿಯ ಅಂಗಡಿಯ ಹುಡುಗ ಅದೇ ಬೋರ್ಡಿನಲ್ಲಿ ಕೆಟ್ಟಿದ್ದ ಒಂದು ರಿಲೇ ಬದಲಿಸಿ, ಬಿಟ್ಟುಹೋಗಿದ್ದ ಎರಡು ಕಡೆ ಬೆಸುಗೆ ಹಾಕಿ, ಆರುನೂರು ರೂಪಾಯಿ ತೆಗೆದುಕೊಂಡ. ಮೊದಲಿನವರು ಮೋಸಗಾರರು ಅಂತ ನಾನು ಹೇಳುವುದಿಲ್ಲ. ಅವರಿಗೆ ಬೋರ್ಡು ಬದಲಿಸುವುದನ್ನಷ್ಟೇ ಕಲಿಸಿದ್ದಾರೆ. ಬೋರ್ಡಿನೊಳಗೆ ಏನಾಗಿದೆ ಅಂತ ಹುಡುಕುವುದನ್ನು ಕಲಿಸಿಲ್ಲ. ಟೆಕ್ನೀಷಿಯನ್‌ಗೂ ಬಿಡಿಭಾಗ ಸಾಗಿಸುವವನಿಗೂ ಇರುವ ವ್ಯತ್ಯಾಸ ಇದೇ.

ಸರ್ಕಾರಕ್ಕೂ ಇದು ಗೊತ್ತಿದೆ. 2022ರ ಜುಲೈಯಲ್ಲಿ ಗ್ರಾಹಕ ವ್ಯವಹಾರಗಳ ಇಲಾಖೆ ರಿಪೇರಿಯ ಹಕ್ಕಿನ ಬಗ್ಗೆ ಸಮಿತಿ ಮಾಡಿತು, ಡಿಸೆಂಬರಿನಲ್ಲಿ ಪೋರ್ಟಲ್ ತೆರೆಯಿತು. ಇ-ತ್ಯಾಜ್ಯದ ಹೊಸ ನಿಯಮ 2023ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಹಕ್ಕು ಬಂತು, ಪೋರ್ಟಲ್ ಬಂತು, ನಿಯಮ ಬಂತು. ರಿಪೇರಿ ಮಾಡುವ ಕೈ ಎಲ್ಲಿಂದ ಬರಬೇಕು?

"ಐಟಿಐ ಇದೆಯಲ್ಲ" ಅನ್ನುತ್ತೀರಿ. ಇದೆ, ಒಳ್ಳೆಯದೇ ಇದೆ. 1950ರಲ್ಲಿ ಶುರುವಾದ ಯೋಜನೆ ಅದು. ಎಲೆಕ್ಟ್ರಾನಿಕ್ಸ್ ಮೆಕ್ಯಾನಿಕ್ ಅಂತ ಎರಡು ವರ್ಷದ ಟ್ರೇಡೇ ಇದೆ. ಆದರೆ ಪಾಳಿ ಯಾವುದಾದರೂ ಅದು ಪೂರ್ಣಾವಧಿ ತರಬೇತಿ, ಶೇಕಡಾ 80ರಷ್ಟು ಹಾಜರಿ ಬೇಕು. ತಿಂಗಳಿಗೆ ಐದು ಸಾವಿರ ಊರಿಗೆ ಕಳಿಸಲೇಬೇಕಾದ ಹುಡುಗ ಎರಡು ವರ್ಷ ಸಂಬಳ ಬಿಟ್ಟು ಅಲ್ಲಿ ಕೂರುವುದು ಹೇಗೆ? ಐಟಿಐ ಅಪ್ಪನ ಅನ್ನ ಉಣ್ಣುವ ಹುಡುಗನಿಗೆ. ನಾನು ಹೇಳುತ್ತಿರುವುದು ಅಪ್ಪನಿಗೇ ಅನ್ನ ಹಾಕುವ ಹುಡುಗನ ಮಾತು.

ಎರಡನೆಯ ಉತ್ತರ, ಅಲ್ಪಾವಧಿ ಕೋರ್ಸು. 2015ರಲ್ಲಿ ಬಂದ ಪ್ರಧಾನಮಂತ್ರಿ ಕೌಶಲ ಯೋಜನೆಯಲ್ಲಿ ಸಾಮಾನ್ಯವಾಗಿ ಕೆಲವು ನೂರು ಗಂಟೆಯ ತರಬೇತಿ. ಸರ್ಟಿಫಿಕೇಟು ಚೆಂದ, ಫೋಟೋ ಇನ್ನೂ ಚೆಂದ. ಮುನ್ನೂರು ಗಂಟೆಯಲ್ಲಿ ಡಿಟಿಎಚ್ ಡಬ್ಬ ಕೂರಿಸುವುದನ್ನು ಕಲಿಸಬಹುದು, ಅದೂ ಒಂದು ಕೆಲಸವೇ. ಆದರೆ ಆ ಡಬ್ಬದ ತಂತ್ರಜ್ಞಾನ ಬದಲಾದ ದಿನ ಅವನು ಮತ್ತೆ ಶೂನ್ಯ.

ಮೂರನೆಯದು, "ಯೂಟ್ಯೂಬ್ ನೋಡಿ ಕಲಿಯಲಿ". ಇದನ್ನು ಹೇಳುವವರು ಯಾವತ್ತೂ ಬೋರ್ಡು ಬಿಚ್ಚಿದವರಲ್ಲ. ಒಂದೇ ಉದಾಹರಣೆ ಕೊಡುತ್ತೇನೆ. ಟಿವಿಯ ಪವರ್ ಸಪ್ಲೈಯಲ್ಲಿ ಒಂದು ದಪ್ಪ ಕೆಪಾಸಿಟರ್ ಇರುತ್ತದೆ. ಗೋಡೆಯ 230 ವೋಲ್ಟ್ ಎಸಿ ಅಲ್ಲಿ ಸುಮಾರು 325 ವೋಲ್ಟ್ ಡಿಸಿ ಆಗಿ ತುಂಬಿಕೊಳ್ಳುತ್ತದೆ. ಕೆಪಾಸಿಟರ್ ಅಂದರೆ ನಮ್ಮ ಬಿಲ್ಡಿಂಗಿನ ತಾರಸಿ ಮೇಲಿನ ನೀರಿನ ಟ್ಯಾಂಕಿ ಇದ್ದ ಹಾಗೆ. ಪಂಪು ನಿಲ್ಲಿಸಿದರೂ ನೀರು ಖಾಲಿಯಾಗುವುದಿಲ್ಲವಲ್ಲ? ಹಾಗೆಯೇ ಪ್ಲಗ್ಗು ಕಿತ್ತ ಮೇಲೂ ಅದರಲ್ಲಿ ವಿದ್ಯುತ್ ಉಳಿದಿರಬಹುದು. ವಿಡಿಯೋ ನೋಡಿ ಕೈ ಹಾಕಿದವನನ್ನು ಅದು ಎತ್ತಿ ಒಗೆಯುತ್ತದೆ. ಮೊದಲು ಮೀಟರು ಹಿಡಿದು ವೋಲ್ಟೇಜು ನೋಡು, ಸರಿಯಾದ ರೆಸಿಸ್ಟರ್ ಮೂಲಕ ಡಿಸ್ಚಾರ್ಜ್ ಮಾಡು, ಮತ್ತೆ ನೋಡು, ಆಮೇಲೆ ಮುಟ್ಟು ಅಂತ ಪಕ್ಕದಲ್ಲಿ ನಿಂತು ಕೈ ಹಿಡಿದು ಹೇಳುವ ಗುರು ಬೇಕು. ಸೀರೀಸ್ ಬಲ್ಬು ಹಾಕಿ ಯಂತ್ರಕ್ಕೆ ಕರೆಂಟು ಕೊಡುವುದು, ಒಳಗೆ ಶಾರ್ಟ್ ಇದ್ದರೆ ಬಲ್ಬು ಪೂರ್ತಿ ಉರಿದು ಹೇಳುವುದು - ಈ ಹಳೆಯ ಉಪಾಯವನ್ನು ಒಮ್ಮೆ ಕೈಯಾರೆ ಮಾಡಿದವನು ಮರೆಯುವುದಿಲ್ಲ.

ಬೆಸುಗೆಯೂ ಹಾಗೆಯೇ. ತವರ-ಸೀಸದ 63:37 ಸೋಲ್ಡರ್ 183 ಡಿಗ್ರಿಗೆ ಕರಗುತ್ತದೆ. ಈಗಿನ ಸೀಸವಿಲ್ಲದ ಸೋಲ್ಡರ್‌ಗೆ 217 ಡಿಗ್ರಿಯ ಆಸುಪಾಸು ಬೇಕು. ಓದಿದರೆ ಅರ್ಧ ನಿಮಿಷದ ಪಾಠ. ಆದರೆ ಬೆಸುಗೆ ಹಿಡಿದಿದೆಯೋ, ಮೇಲೆ ಮೇಲೆ ಕೂತಿದೆಯೋ ಅಂತ ಅದರ ಹೊಳಪು, ಆಕಾರ ನೋಡಿ ತಿಳಿಯಲು ಐನೂರು ಸಲ ಹಾಕಬೇಕು, ಅದರಲ್ಲಿ ಇನ್ನೂರು ಹಾಳಾಗಬೇಕು. ಹಾಳು ಮಾಡಲು ಅವಕಾಶ ಇರುವ ಜಾಗಕ್ಕೇ ಲ್ಯಾಬ್ ಅನ್ನುವುದು. ಗಿರಾಕಿಯ ಟಿವಿ ಮೇಲೆ ಆ ಪ್ರಯೋಗ ಆಗುವುದಿಲ್ಲ.

ಲ್ಯಾಮಿಂಗ್ಟನ್ ರೋಡಿನ ಅಂಗಡಿಯಲ್ಲಿ ಉಸ್ತಾದನ ಕೈಕೆಳಗೆ ಕಲಿತವರಿಲ್ಲವೇ ಅಂತ ಕೇಳಬಹುದು. ಇದ್ದಾರೆ, ಕೈಚಳಕಕ್ಕೆ ದೊಡ್ಡ ನಮಸ್ಕಾರ. 1982ರಲ್ಲಿ ಕಲರ್ ಟಿವಿ ಬಂದ ಮೇಲೆ ಹಾಗೆ ಕಲಿತೇ ಎಷ್ಟೋ ಜನ ಸಂಸಾರ ಸಾಗಿಸಿದರು. ಆದರೆ ಉಸ್ತಾದ "ಈ ಐಸಿ ಬದಲಿಸು" ಅನ್ನುತ್ತಾನೆ, ಯಾಕೆ ಅಂತ ಹೇಳುವುದು ಕಡಿಮೆ. ಕೆಲವರಿಗೆ ಹೇಳಲು ಬರುವುದಿಲ್ಲ, ಕೆಲವರಿಗೆ ಹೇಳಲು ಮನಸ್ಸಿಲ್ಲ. ಪಿಕ್ಚರ್ ಟ್ಯೂಬ್ ಹೋಗಿ ಎಲ್‌ಸಿಡಿ ಬಂದಾಗ "ಏನು" ಮಾತ್ರ ಕಲಿತವರು ಅಂಗಡಿ ಮುಚ್ಚಿದರು. "ಯಾಕೆ" ಕಲಿತವರು ಆರು ತಿಂಗಳು ಒದ್ದಾಡಿ ಹೊಸದನ್ನೂ ಹಿಡಿದರು. ಸಂಜೆ ಕಾಲೇಜು ಬೇಕಿರುವುದು ಆ "ಯಾಕೆ"ಗಾಗಿ. ಬೆಂಗಳೂರಿನ ಬಿಎಂಎಸ್ ಸಂಜೆ ಇಂಜಿನಿಯರಿಂಗ್ ಕಾಲೇಜಿನಂಥ ಕಡೆ ಹಗಲು ಕಾರ್ಖಾನೆಯಲ್ಲಿ ದುಡಿದು ಸಂಜೆ ಓದಿದವರನ್ನು ಕೇಳಿ. ಹಗಲು ಕಂಡದ್ದರ ಕಾರಣ ಸಂಜೆ ತಿಳಿಯುವ ಸುಖ ಏನು ಅಂತ ಅವರು ಹೇಳುತ್ತಾರೆ.

ಸರ್ಕಾರ ಮಾಡಿದ್ದೇನು? ಬಾಗಿಲುಗಳನ್ನು ಒಂದೊಂದಾಗಿ ಮುಚ್ಚಿದ್ದು. ನೌಕರಿ ಮಾಡುತ್ತಲೇ ಪರೀಕ್ಷೆ ಕಟ್ಟಿ ಎಲೆಕ್ಟ್ರಾನಿಕ್ಸ್ ಪದವಿಗೆ ಸಮಾನ ಮಾನ್ಯತೆ ಪಡೆಯುವ ಎಎಂಐಇಟಿಇ ದಾರಿ ಇತ್ತು. 2013ರ ಮೇ 31ರ ನಂತರ ಸೇರಿದವರಿಗೆ ಆ ಮಾನ್ಯತೆ ಇಲ್ಲ. 2017ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು, ಅನುಮತಿಯಿಲ್ಲದೆ ದೂರಶಿಕ್ಷಣದಲ್ಲಿ ಇಂಜಿನಿಯರಿಂಗ್ ಪದವಿ ಹಂಚಿದ ಡೀಮ್ಡ್ ವಿಶ್ವವಿದ್ಯಾಲಯಗಳಿಗೆ ಚಾಟಿ ಬೀಸಿತು. ಅದು ಸರಿಯೇ, ಅಂಚೆಯಲ್ಲಿ ಲ್ಯಾಬ್ ಬರುವುದಿಲ್ಲ. ಅದೇ ವರ್ಷದ ಮೇಯಲ್ಲಿ ಮಹಾರಾಷ್ಟ್ರ ಸರ್ಕಾರದ ಆದೇಶದಿಂದ, ಹಗಲು ಶಾಲೆಯಲ್ಲಿದ್ದುಕೊಂಡು ರಾತ್ರಿ ಶಾಲೆಯಲ್ಲೂ ಕಲಿಸುತ್ತಿದ್ದ ಅನುಭವಿ ಶಿಕ್ಷಕರು ರಾತ್ರೋರಾತ್ರಿ ಹೊರಗಾದರು. ಮುಚ್ಚಿದ ಪ್ರತಿ ಬಾಗಿಲಿಗೂ ಕಾರಣ ಇರಬಹುದು. ಬದಲಿಗೆ ತೆರೆದ ಬಾಗಿಲು ಯಾವುದು? ಎಐಸಿಟಿಇ 2023-24ರಿಂದ ಉದ್ಯೋಗಿಗಳಿಗೆ ಅನುಕೂಲ ಸಮಯದ ಇಂಜಿನಿಯರಿಂಗ್ ತರಗತಿಗಳಿಗೆ ಅನುಮತಿ ಕೊಟ್ಟಿದೆ, ಸಂತೋಷ. ಆದರೆ ಅಲ್ಲಿ ಪದವಿಗೆ ಸೇರುವವರು ಬಹುಪಾಲು ಡಿಪ್ಲೊಮಾ ಮುಗಿಸಿದವರು. ಹತ್ತನೆಯದು ಮುಗಿಸಿ ಊರು ಬಿಟ್ಟ ಹುಡುಗ ಆ ಗೇಟಿನ ಹತ್ತಿರವೂ ಹೋಗಲಾರ.

ಬ್ಯಾಂಕಿನವನಾಗಿ ಒಂದು ಮಾತು. ಕೌಶಲ ಸಾಲದ ಯೋಜನೆ 2015ರಲ್ಲಿ ಐದು ಸಾವಿರದಿಂದ ಒಂದೂವರೆ ಲಕ್ಷದವರೆಗೆ ಅಂತ ಬಂತು. 2024ರಲ್ಲಿ ಮಿತಿ ಏಳೂವರೆ ಲಕ್ಷಕ್ಕೆ ಏರಿತು. ಅಂಗಡಿ ಇಡಲು ಮುದ್ರಾ ಸಾಲ ಬೇರೆ ಇದೆ. ಸಾಲ ಕೊಡಲು ನಾವು ಪೆನ್ನು ಬಿಚ್ಚಿ ಕೂತಿದ್ದೇವೆ. ಕಲಿಯಲು ಜಾಗ ಎಲ್ಲಿದೆ?

ಈಗ ನಮ್ಮ ಸಂಘಗಳ ಕಡೆ ಬರುತ್ತೇನೆ, ಯಾಕೆಂದರೆ ನನ್ನ ನಿಜವಾದ ಜಗಳ ಅವರ ಹತ್ತಿರವೇ. ಮುಂಬಯಿ, ಥಾಣೆ, ಡೊಂಬಿವಲಿ, ಪುಣೆಗಳಲ್ಲಿ ನಮ್ಮ ಜಾತಿವಾರು, ಊರುವಾರು ಸಂಘಗಳು ಎಷ್ಟಿವೆ! ಎಷ್ಟೋ ಸಂಘಗಳಿಗೆ ಸ್ವಂತ ಸಭಾಭವನ ಇದೆ. ಶನಿವಾರ, ಭಾನುವಾರ ಮದುವೆ, ಸನ್ಮಾನ, ಯಕ್ಷಗಾನ. ಸೋಮವಾರದಿಂದ ಶುಕ್ರವಾರದ ಸಂಜೆ ಏನಿದೆ ಅಲ್ಲಿ? ಕತ್ತಲೆ. ನಮ್ಮದೇ ಒಂದು ಸಂಘದ ಸಭೆಯಲ್ಲಿ (ಇದಕ್ಕೂ ಹೆಸರು ಬೇಡ) ಸಂಜೆ ಎಲೆಕ್ಟ್ರಾನಿಕ್ಸ್ ಕ್ಲಾಸಿನ ಮಾತೆತ್ತಿದೆ. ಅಧ್ಯಕ್ಷರು ನಕ್ಕು ಹೇಳಿದರು, "ಅಲ್ಲ ಮಾರಾಯ್ರೆ, ನಮ್ಮ ಮಕ್ಕಳನ್ನು ಟಿವಿ ರಿಪೇರಿಯವರು ಮಾಡುವುದಾ? ಹೆಣ್ಣು ಕೊಡುವವರು ಯಾರು?" ಸಭೆಯೂ ನಕ್ಕಿತು. ಆ ವರ್ಷ ಹಾಲಿಗೆ ಹೊಸ ಕುರ್ಚಿ ಬಂತು, ಎಸಿ ಬಂತು. ಎಸಿ ಕೆಟ್ಟಾಗ ಯಾರನ್ನು ಕರೆಯುತ್ತೀರಿ ಅಧ್ಯಕ್ಷರೇ? ಅವನಿಗೆ ಹೆಣ್ಣು ಸಿಕ್ಕಿಲ್ಲವೇ?

ಗಮನಿಸಿ, ಅಧ್ಯಕ್ಷರು "ನಮ್ಮ ಮಕ್ಕಳು" ಅಂದದ್ದು ಅವರ ಮಕ್ಕಳನ್ನು. ಅವರಿಗೆ ಈ ಕ್ಲಾಸು ಬೇಡ, ಒಪ್ಪಿದೆ. ಆದರೆ ಈಗ ಈ ಕಡೆ ಬರುವ ಕನ್ನಡದ ಹುಡುಗ ಬರೇ ಉಡುಪಿ, ಕುಂದಾಪುರದವನಲ್ಲ. ಕಲಬುರಗಿ, ಯಾದಗಿರಿ, ವಿಜಯಪುರ ಕಡೆಯಿಂದ ಬಂದು ಕಟ್ಟಡ ಕೆಲಸ, ವಾಚ್‌ಮನ್ ಕೆಲಸ, ಪಾರ್ಸೆಲ್ ಹಂಚುವ ಕೆಲಸ ಮಾಡುವವನಿದ್ದಾನೆ. ಹತ್ತನೆಯವರೆಗೆ ಕನ್ನಡದಲ್ಲಿ ಓದಿದವನು. ಇಲ್ಲಿನ ಪುಸ್ತಕ ಇಂಗ್ಲಿಷು, ಇಲ್ಲವೇ ಮರಾಠಿ. ಅವನಿಗೆ ಟ್ಯಾಂಕಿಯ ಉದಾಹರಣೆ ಕೊಟ್ಟು ಕನ್ನಡದಲ್ಲಿ ಕೆಪಾಸಿಟರ್ ವಿವರಿಸುವುದು ನಮ್ಮಿಂದ ಮಾತ್ರ ಆಗುವ ಕೆಲಸ. ಕನ್ನಡ ಉಳಿಸಬೇಕು ಅಂತ ಭಾಷಣ ಮಾಡುತ್ತೇವಲ್ಲ, ಅನ್ನ ಹುಟ್ಟಿಸುವ ಕನ್ನಡ ಇದು.

ಖರ್ಚಿನ ಲೆಕ್ಕ ಕೊಡುತ್ತೇನೆ, ವೃತ್ತಿಧರ್ಮ ನೋಡಿ! ಇಪ್ಪತ್ತು ಜನರ ಒಂದು ಬ್ಯಾಚು. ತಲಾ ಒಂದು ಮಲ್ಟಿಮೀಟರು, ಸುಮಾರು 30,000. ಶಾಖ ನಿಯಂತ್ರಣ ಇರುವ ಸೋಲ್ಡರಿಂಗ್ ಸ್ಟೇಷನ್ ಇಪ್ಪತ್ತು, 50,000. ನಾಲ್ವರಿಗೊಂದರಂತೆ ಐದು ಆಸಿಲೋಸ್ಕೋಪು, ಒಂದೂವರೆ ಲಕ್ಷ. ಹತ್ತು ಪವರ್ ಸಪ್ಲೈ, 50,000. ಮೇಜು, ಅರ್ಥಿಂಗ್, ಸುರಕ್ಷತಾ ಸ್ವಿಚ್ಚು, ಐಸೊಲೇಷನ್ ಟ್ರಾನ್ಸ್‌ಫಾರ್ಮರ್, ಬಿಡಿಭಾಗ ಎಲ್ಲ ಸೇರಿ ಎರಡು ಲಕ್ಷ. ಒಟ್ಟು 4,80,000. ಐದು ಲಕ್ಷ ಅನ್ನಿ. ಒಂದು ವಾರ್ಷಿಕೋತ್ಸವದ ಪೆಂಡಾಲು, ಊಟ, ಶಾಲು, ಸ್ಮರಣಿಕೆಗಳ ಬಿಲ್ಲನ್ನು ಇದರ ಪಕ್ಕದಲ್ಲಿಟ್ಟು ನೋಡಿ.

ಸಮಯ? ವಾರಕ್ಕೆ ಐದು ಸಂಜೆ, ಎರಡೆರಡು ಗಂಟೆ. ಭಾನುವಾರ ಬೆಳಿಗ್ಗೆ ಮೂರು ಗಂಟೆ ಪ್ರಾಕ್ಟಿಕಲ್, ಮದುವೆಯ ದಿನವಾದರೆ ಹಿಂದಿನ ಕೋಣೆಯಲ್ಲಿ. ವರ್ಷಕ್ಕೆ ನಲವತ್ತು ವಾರ ಹಿಡಿದರೂ 520 ಗಂಟೆ, ಎರಡು ವರ್ಷಕ್ಕೆ 1,040 ಗಂಟೆ. ಮುನ್ನೂರು ಗಂಟೆಯ ಸರ್ಟಿಫಿಕೇಟಿನ ಎದುರು ಇದನ್ನು ಇಟ್ಟು ತೂಗಿ. ಊಟದ ಹೊತ್ತಿಗೇ ಪಾರ್ಸೆಲ್ ಹುಡುಗರಿಗೆ ಕೆಲಸ ಜಾಸ್ತಿ, ಹೋಟೆಲಿನವರಿಗೂ ಹಾಗೆಯೇ. ಅವರಿಗೆ ಸಿದ್ಧಾರ್ಥ ಕಾಲೇಜಿನ ಹಾಗೆ ಬೆಳಗಿನ ಬ್ಯಾಚು ಮಾಡಿ. ಹುಡುಗಿಯರೂ ಬರುತ್ತಾರೆ. ಸ್ಟೇಷನ್ನಿಗೆ ಹತ್ತಿರ, ಗುರುತಿನವರ ಹಾಲು ಅಂದರೆ ಮನೆಯವರು ಕಳಿಸುತ್ತಾರೆ. ದಣಿದು ಬಂದವರಿಗೆ ಒಂದು ಚಹಾ, ಎರಡು ಬನ್ಸ್ ಇರಲಿ. ಹೋಟೆಲು ನಡೆಸಿದ ಸಮಾಜಕ್ಕೆ ಅದೇನು ಭಾರವೇ?

ಕಲಿಸುವವರು? ನಮ್ಮಲ್ಲೇ ಇದ್ದಾರೆ. ರೈಲ್ವೆ ಸಿಗ್ನಲ್ ವಿಭಾಗದಲ್ಲಿ, ಬೆಸ್ಟ್‌ನಲ್ಲಿ, ಟ್ರಾಂಬೆಯ ಬಿಎಆರ್‌ಸಿಯಲ್ಲಿ ಜೀವಮಾನ ಕಳೆದ ನಿವೃತ್ತರು. 2020ರ ಜನವರಿ ಕೊನೆಗೆ ಎಂಟಿಎನ್‌ಎಲ್‌ನಿಂದ ಸ್ವಯಂ ನಿವೃತ್ತಿ ಪಡೆದ ಸಾವಿರಾರು ಜನರಲ್ಲಿ ಕನ್ನಡಿಗರೂ ಇದ್ದಾರೆ. ವಾಕಿಂಗ್ ಟ್ರ್ಯಾಕಿನಲ್ಲಿ ರಾಜಕೀಯ ಮಾತಾಡುತ್ತ ಸುತ್ತುವ ಆ ಕೈಗಳಿಗೆ ಈ ನಗರದ ಎಷ್ಟೋ ಯಂತ್ರಗಳ ನಾಡಿ ಗೊತ್ತು. ಸಂಭಾವನೆ ಕೊಡಿ, ಪುಕ್ಕಟೆ ದುಡಿಸಬೇಡಿ. ಮಾನ್ಯತೆಗೂ ದಾರಿ ಇದೆ. ಕೆಲಸದ ಅನುಭವ ಇರುವವರು ಅಖಿಲ ಭಾರತ ಟ್ರೇಡ್ ಟೆಸ್ಟನ್ನು ಖಾಸಗಿ ಅಭ್ಯರ್ಥಿಯಾಗಿ ಬರೆಯಬಹುದು. ಮೊದಲೇ ಕಲಿತದ್ದನ್ನು ಪರೀಕ್ಷಿಸಿ ಸರ್ಟಿಫಿಕೇಟು ಕೊಡುವ ಸರ್ಕಾರಿ ಪದ್ಧತಿಯೂ ಇದೆ. ಕಾಗದ ಆಮೇಲೆ ಬರುತ್ತದೆ, ಮೊದಲು ಕೈ ಪಳಗಲಿ.

ಮೊದಲ ಬ್ಯಾಚಿನಲ್ಲಿ ಇಪ್ಪತ್ತರಲ್ಲಿ ಹನ್ನೆರಡು ಜನ ಉಳಿದರೆ ದೊಡ್ಡದು, ನನಗೂ ಗೊತ್ತು. ರಾತ್ರಿ ಶಾಲೆಗಳಲ್ಲೂ ಎಲ್ಲರೂ ಉಳಿಯುತ್ತಿರಲಿಲ್ಲ. ಹನ್ನೆರಡು ಟೆಕ್ನೀಷಿಯನ್ನರು ಅಂದರೆ ಹನ್ನೆರಡು ಮನೆ. ಹನ್ನೆರಡು ಸನ್ಮಾನ ಪತ್ರಗಳಿಂದ ಒಂದು ಮನೆಯೂ ನಡೆದದ್ದನ್ನು ನಾನು ಕಂಡಿಲ್ಲ.

ಸರ್ಕಾರಕ್ಕೆ ಅರ್ಜಿ ಬರೆಯೋಣ, ಅದು ಬೇರೆ. ಅದಕ್ಕೂ ಮೊದಲು ನೀವು ಸದಸ್ಯರಾಗಿರುವ ಸಂಘದ ಮುಂದಿನ ಮಹಾಸಭೆಯಲ್ಲಿ ಎದ್ದು ನಿಂತು ಒಂದೇ ಪ್ರಶ್ನೆ ಕೇಳಿ: "ಸೋಮವಾರದಿಂದ ಶುಕ್ರವಾರ ಸಂಜೆ ಏಳಕ್ಕೆ ನಮ್ಮ ಹಾಲಿನ ಬಾಗಿಲು ಯಾಕೆ ಹಾಕಿರುತ್ತದೆ?" ಉತ್ತರ ಬರುವವರೆಗೆ ಕೂರಬೇಡಿ. ನಗುವವರು ನಗಲಿ. ಮೀಟರುಗಳಿಗೆ ನನ್ನ ಪಾಲಿನ ಮೂವತ್ತು ಸಾವಿರ ತೆಗೆದಿಟ್ಟಿದ್ದೇನೆ. ಯಾವ ಸಂಘ ಮೊದಲು ಬೀಗ ತೆಗೆಯುತ್ತದೋ ಅದಕ್ಕೆ.